ಮಡಿಲಲ್ಲಿ ಕುಳಿತ ಮಗು



ತರೀಕೆರೆಯ ಕುಟುಂಬವೊಂದು ಹೊಸ ಕಾರನ್ನು ಆಶೀರ್ವಾದಕ್ಕೆ ತಂದಿತ್ತು. ತೀರ್ಥ ಚಿಮುಕಿಸಿ ಪ್ರಾರ್ಥಿಸಿದೆ. ಹೊರಡುವಾಗ ತಾಯಿ ಎರಡು ವರ್ಷದ ಮಗುವನ್ನು ಮಡಿಲಲ್ಲಿಟ್ಟುಕೊಂಡು ಮುಂದಿನ ಸೀಟಿನಲ್ಲಿ ಕುಳಿತರು. “ಮಗುವಿಗೆ ಬೇರೆ ಸೀಟು ಇಲ್ಲವೇ?” ಎಂದೆ. “ಕಡೂರಿನವರೆಗೆ ತಾನೆ ಫಾದರ್, ನಿಮ್ಮ ಆಶೀರ್ವಾದ ಇದೆಯಲ್ಲ” ಎಂದರು ತಂದೆ.

ಅವರನ್ನು ದೂರಲಾರೆ. ನಾವೂ ಸ್ಕೂಟರಿನ ಮುಂದೆ ನಿಂತುಕೊಂಡು, ಅಜ್ಜಂಪುರದ ಮದುವೆಗೆ ಒಂದೇ ಕಾರಿನಲ್ಲಿ ಹತ್ತು ಮಂದಿ ತುಂಬಿಕೊಂಡು ಹೋದವರೇ. ಆಗ ಅದು ತಪ್ಪೆಂದು ಯಾರಿಗೂ ತೋರಲಿಲ್ಲ.

ಸೈತಾನನು ಯೇಸುಸ್ವಾಮಿಯನ್ನು ದೇವಾಲಯದ ಶಿಖರಕ್ಕೆ ಕರೆದೊಯ್ದು, ಧುಮುಕಿದರೆ ದೇವದೂತರು ಹಿಡಿಯುವರೆಂದು ಪುಸಲಾಯಿಸಿದ. ಅದು ದೇವರನ್ನು ಪರೀಕ್ಷಿಸಿದಂತೆ ಎಂದು ಪ್ರಭು ನಿರಾಕರಿಸಿದರು. ಗಂಟೆಗೆ 40 ಕಿ.ಮೀ. ವೇಗದ ಕಾರು ಗೋಡೆಗೆ ಬಡಿದರೆ, ಒಳಗಿನ ಮಗುವಿಗೆ ಅದು ಸುಮಾರು 20 ಅಡಿ ಎತ್ತರದಿಂದ ಬಿದ್ದಂತೆ. ಆ ರಭಸವನ್ನು ಯಾವ ತಾಯಿಯ ತೋಳೂ ತಡೆಯಲಾರದು. ಗಂಟೆಗೋಪುರದಿಂದ ಮಗುವನ್ನು ಕೈಬಿಟ್ಟು ದೂತರ ಮೇಲೆ ಭಾರ ಹಾಕುವ ತಾಯಿಯುಂಟೇ?

1992ರ ಧರ್ಮೋಪದೇಶ ಗ್ರಂಥವು, ವೇಗದ ಹುಚ್ಚಿನಿಂದ ರಸ್ತೆಯಲ್ಲಿ ತನಗೂ ಪರರಿಗೂ ಅಪಾಯ ತರುವುದನ್ನು ಐದನೆಯ ಕಟ್ಟಳೆಯಡಿ ಘೋರ ಅಪರಾಧವೆನ್ನುತ್ತದೆ. ಇನ್ನು ಸರ್ಕಾರದ ಮಾತು: 2019ರ ತಿದ್ದುಪಡಿಯಂತೆ 14 ವರ್ಷದೊಳಗಿನ ಮಗುವಿಗೆ ಬೆಲ್ಟ್ ಅಥವಾ ಮಕ್ಕಳ ಸೀಟು ಇಲ್ಲದಿದ್ದರೆ 1,000 ರೂಪಾಯಿ ದಂಡ. ಮಕ್ಕಳ ಸೀಟು ದುಬಾರಿ, ಬಲ್ಲೆ. ಆದರೆ ಹಾಡು ಕೇಳುವ ಸ್ಪೀಕರಿಗೆ ಹಣ ಹೇಗೋ ಹೊಂದುತ್ತದೆ!

ಆ ತಾಯಿ ಅಂದು ಹಿಂದಿನ ಸೀಟಿಗೆ ಹೋದರು. ಮಗುವಿನ ಸೀಟು ಮರುತಿಂಗಳು ಬಂತು. ಮೊದಲ ವಾರವೆಲ್ಲ ಮಗು ಒಂದೇ ಸಮನೆ ಅತ್ತಿತಂತೆ.