ಒಂದೇ ನಕ್ಷತ್ರ, ಎರಡು ಕ್ಷಣ: ಅನೇಕಾಂತದ ಒಂದು ಪಾಠ

ವಸ್ತುವು ಅನಂತಧರ್ಮಾತ್ಮಕವಾದುದು, ಅದನ್ನು ಅರಿಯುವ ಸಂಸಾರಿ ಜೀವದ ಜ್ಞಾನವಾದರೋ ಪರಿಮಿತವಾದುದು. ಅನೇಕಾಂತ ಸಿದ್ಧಾಂತವು ಈ ಎರಡು ಮಾತುಗಳ ಮೇಲೆ ನಿಂತಿದೆ. ಇದನ್ನು ತಿಳಿಯಹೇಳಲು ಆನೆಯನ್ನು ಮುಟ್ಟಿ ನೋಡಿದ ಕುರುಡರ ದೃಷ್ಟಾಂತವನ್ನು ಪಾಠಶಾಲೆಯ ಮಕ್ಕಳಿಗೂ ಹೇಳುವುದುಂಟು. ಒಬ್ಬನು ಕಾಲನ್ನು ಮುಟ್ಟಿ ಕಂಬವೆಂದನು. ಇನ್ನೊಬ್ಬನು ಕಿವಿಯನ್ನು ಮುಟ್ಟಿ ಮೊರವೆಂದನು. ಆದರೆ ಅವರು ಮುಟ್ಟಿದ ಅಂಗಗಳೇ ಬೇರೆಯಾಗಿದ್ದವು. ನಿಂತ ಜಾಗಗಳನ್ನು ಬದಲಿಸಿಕೊಂಡಿದ್ದರೆ ಅವರ ಜಗಳ ಅಲ್ಲಿಗೇ ತೀರುತ್ತಿತ್ತು. ಇಬ್ಬರು ಪ್ರಾಮಾಣಿಕರು ಒಂದೇ ಸ್ಥಳದಲ್ಲಿದ್ದು, ಒಂದೇ ಉಪಕರಣದಿಂದ ನೋಡಿಯೂ ಭಿನ್ನವಾಗಿ ಕಂಡರೆ ಏನು ಹೇಳಬೇಕು? ಅಂಥ ಒಂದು ಪ್ರಸಂಗವು ಖಗೋಳಶಾಸ್ತ್ರದ ಇತಿಹಾಸದಲ್ಲಿ ದಾಖಲಾಗಿದೆ. ಶ್ರಾವಕರು ಅದನ್ನು ತಿಳಿದಿರುವುದು ಒಳ್ಳೆಯದು.

ಇಂಗ್ಲೆಂಡಿನ ಗ್ರೀನಿಚ್ ವೇಧಶಾಲೆಯಲ್ಲಿ ೧೭೬೫ರಿಂದ ನೆವಿಲ್ ಮ್ಯಾಸ್ಕಲೈನ್ ಎಂಬ ವಿದ್ವಾಂಸರು ರಾಜಖಗೋಳಜ್ಞರಾಗಿದ್ದರು. ಡೇವಿಡ್ ಕಿನ್ನೆಬ್ರೂಕ್ ಎಂಬ ತರುಣನು ಅವರ ಸಹಾಯಕನಾಗಿದ್ದನು. ದೂರದರ್ಶಕದೊಳಗೆ ಕಟ್ಟಿದ ಸೂಕ್ಷ್ಮವಾದ ಎಳೆಯನ್ನು ನಕ್ಷತ್ರವು ದಾಟುವ ಕ್ಷಣವನ್ನು ಗುರುತಿಸುವುದು ಅಲ್ಲಿಯ ನಿತ್ಯದ ಕೆಲಸ. ವೀಕ್ಷಕನು ಗಡಿಯಾರದ ಟಿಕ್ ಟಿಕ್ ಶಬ್ದವನ್ನು ಕಿವಿಯಿಂದ ಎಣಿಸುತ್ತ, ಕಣ್ಣಿನಿಂದ ನಕ್ಷತ್ರವನ್ನು ಅನುಸರಿಸುತ್ತ, ಸೆಕೆಂಡಿನ ಹತ್ತನೆಯ ಒಂದು ಭಾಗದವರೆಗೆ ಅಂದಾಜು ಮಾಡಿ ಬರೆಯಬೇಕಾಗಿತ್ತು. ೧೭೯೫ರ ಆಗಸ್ಟ್ ತಿಂಗಳಿನಿಂದ ಸಹಾಯಕನ ಲೆಕ್ಕವು ಗುರುವಿನ ಲೆಕ್ಕಕ್ಕಿಂತ ಅರ್ಧ ಸೆಕೆಂಡು ತಡವಾಗಿ ಬರತೊಡಗಿತು. ೧೭೯೬ರ ಜನವರಿಯ ವೇಳೆಗೆ ಆ ಅಂತರ ಸೆಕೆಂಡಿನ ಹತ್ತರಲ್ಲಿ ಎಂಟು ಭಾಗಕ್ಕೆ ಏರಿತು. ಇದು ಅಲ್ಪವೆಂದು ತೋರಬಹುದು. ಆದರೆ ಅಷ್ಟು ಹೊತ್ತಿನಲ್ಲಿ ಭೂಮಧ್ಯರೇಖೆಯ ಮೇಲಿನ ನೆಲವು ಭೂಮಿಯ ಪರಿಭ್ರಮಣದಿಂದ ಸುಮಾರು ೩೭೦ ಮೀಟರು ಸರಿದಿರುತ್ತದೆ. ಸಹಾಯಕನು ಶ್ರದ್ಧಾವಂತನೆಂದು ಒಪ್ಪಿಕೊಂಡೇ, ಆದರೆ ಈ ದೋಷವನ್ನು ಆತನು ತಿದ್ದಿಕೊಳ್ಳಲಾರನೆಂದು ಭಾವಿಸಿ, ಮ್ಯಾಸ್ಕಲೈನರು ಅವನನ್ನು ಕೆಲಸದಿಂದ ಬಿಡಿಸಿದರು. ಕಿನ್ನೆಬ್ರೂಕನು ೧೮೦೨ರಲ್ಲಿ ತೀರಿಕೊಂಡನು.

ಸುಮಾರು ಎರಡು ದಶಕಗಳ ಮೇಲೆ ಈ ವೃತ್ತಾಂತವು ಕೋನಿಗ್ಸ್‌ಬರ್ಗ್ ನಗರದ ವೇಧಶಾಲೆಯ ಮುಖ್ಯಸ್ಥರಾದ ಫ್ರೀಡ್ರಿಕ್ ಬೆಸೆಲ್ ಅವರ ಗಮನಕ್ಕೆ ಬಂದಿತು. ಸಹಾಯಕನು ತಪ್ಪಿದನೆಂಬ ತೀರ್ಪನ್ನು ಅವರು ಸುಮ್ಮನೆ ಸ್ವೀಕರಿಸಲಿಲ್ಲ. ತಮ್ಮ ಕಣ್ಣನ್ನೇ ಪರೀಕ್ಷೆಗೆ ಒಡ್ಡಿದರು. ನುರಿತ ಮತ್ತೊಬ್ಬ ಖಗೋಳಜ್ಞರೊಡನೆ ಅವೇ ನಕ್ಷತ್ರಗಳನ್ನು ವೀಕ್ಷಿಸಿ ಇಬ್ಬರ ಲೆಕ್ಕಗಳನ್ನೂ ಹೋಲಿಸಿದರು. ಅವರಿಬ್ಬರ ನಡುವಿನ ಅಂತರವು ಒಂದು ಸೆಕೆಂಡನ್ನೂ ಮೀರಿತ್ತು! ಯಾವ ವ್ಯತ್ಯಾಸಕ್ಕಾಗಿ ಒಬ್ಬ ತರುಣನು ಉದ್ಯೋಗವನ್ನು ಕಳೆದುಕೊಂಡಿದ್ದನೋ, ಅದಕ್ಕಿಂತ ದೊಡ್ಡ ವ್ಯತ್ಯಾಸವು ಇಬ್ಬರು ಪರಿಣತರ ನಡುವೆಯೇ ಕಂಡುಬಂದಿತು. ಅಲ್ಲಿಂದ ಮುಂದೆ ಪ್ರತಿಯೊಬ್ಬ ವೀಕ್ಷಕನಿಗೂ ತನ್ನದೇ ಆದ ವಿಳಂಬವಿದೆಯೆಂದೂ, ಅದನ್ನು ಅಳೆದು ಲೆಕ್ಕದಲ್ಲಿ ಸರಿಪಡಿಸಬೇಕೆಂದೂ ಶಾಸ್ತ್ರಜ್ಞರು ಒಪ್ಪಿದರು. ಇದಕ್ಕೆ ‘ವೈಯಕ್ತಿಕ ಸಮೀಕರಣ’ವೆಂದು ಹೆಸರಾಯಿತು.

ಜೈನಾಗಮದ ಪರಿಚಯವುಳ್ಳವರಿಗೆ ಇದು ಅಷ್ಟೇನೂ ವಿಸ್ಮಯಕರವಲ್ಲ. ಆಚಾರ್ಯ ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರದ ಪ್ರಥಮಾಧ್ಯಾಯದಲ್ಲಿ ಮತಿಜ್ಞಾನಕ್ಕೆ ಅವಗ್ರಹ, ಈಹಾ, ಅವಾಯ, ಧಾರಣಾ ಎಂಬ ನಾಲ್ಕು ಭೇದಗಳನ್ನು ಹೇಳಿದೆ. ಮೊದಲು ‘ಏನೋ ಇದೆ’ ಎಂಬ ಗ್ರಹಣ. ಬಳಿಕ ‘ಇದು ಏನಿರಬಹುದು’ ಎಂಬ ವಿಚಾರ. ಆಮೇಲೆ ‘ಇದೇ’ ಎಂಬ ನಿಶ್ಚಯ. ಕೊನೆಗೆ ಅದನ್ನು ಮನಸ್ಸಿನಲ್ಲಿ ಉಳಿಸಿಕೊಳ್ಳುವಿಕೆ. ಅಂದರೆ ಇಂದ್ರಿಯಜ್ಞಾನವು ಕನ್ನಡಿಯ ಪ್ರತಿಬಿಂಬದಂತೆ ಒಮ್ಮೆಲೇ ಮೂಡುವುದಲ್ಲ. ಮೆಟ್ಟಿಲು ಮೆಟ್ಟಿಲಾಗಿ ನಡೆಯುವುದು. ಆ ನಡಿಗೆಯು ಮತಿಜ್ಞಾನಾವರಣ ಕರ್ಮದ ಕ್ಷಯೋಪಶಮವನ್ನು ಅನುಸರಿಸುತ್ತದೆ. ಆ ಕ್ಷಯೋಪಶಮವು ಜೀವಜೀವಕ್ಕೂ ಭಿನ್ನವಾದುದು. ಆಚಾರ್ಯರು ದೂರದರ್ಶಕದ ವಿಷಯವನ್ನು ಹೇಳಿದರೆಂದು ಇದರ ಅರ್ಥವಲ್ಲ. ಛದ್ಮಸ್ಥನ ಜ್ಞಾನಕ್ಕೆ ಆವರಣವಿದೆ ಎಂಬುದನ್ನು ಅವರು ಮರೆಯಲಿಲ್ಲ, ಅಷ್ಟೇ. ಸಕಲ ದ್ರವ್ಯಗಳನ್ನು ಸಕಲ ಪರ್ಯಾಯಗಳೊಡನೆ ಏಕಕಾಲದಲ್ಲಿ ಅರಿಯುವವರು ಕೇವಲಿಗಳು ಮಾತ್ರ.

ಹಾಗಾದರೆ ಸತ್ಯವೆಂಬುದೇ ಇಲ್ಲವೇ? ಅವರವರಿಗೆ ಕಂಡದ್ದೇ ಅವರವರ ಸತ್ಯವೇ? ಅನೇಕಾಂತವನ್ನು ಹೀಗೆ ಅರ್ಥಮಾಡಿಕೊಳ್ಳುವವರೂ ಇದ್ದಾರೆ, ಅದು ಸರಿಯಲ್ಲ. ಸ್ವಾಮಿ ಸಮಂತಭದ್ರರು ಆಪ್ತಮೀಮಾಂಸೆಯಲ್ಲಿ ಕೊಟ್ಟ ಚಿನ್ನದ ದೃಷ್ಟಾಂತ ಇಲ್ಲಿ ಸ್ಮರಣೀಯ. ಸುವರ್ಣದ ಕಲಶವನ್ನು ಮುರಿದು ಮುಕುಟವನ್ನು ಮಾಡಿದಾಗ ಕಲಶವನ್ನು ಬಯಸಿದವನಿಗೆ ದುಃಖ, ಮುಕುಟವನ್ನು ಬಯಸಿದವನಿಗೆ ಹರ್ಷ, ಚಿನ್ನವನ್ನು ಮಾತ್ರ ಬಯಸಿದವನಿಗೆ ಮಾಧ್ಯಸ್ಥ್ಯ. ಮೂವರ ಭಾವಗಳು ಮೂರಾದರೂ ಯಾವುದೂ ನಿರಾಧಾರವಲ್ಲ: ಕಲಶವು ನಾಶವಾದದ್ದೂ ನಿಜ, ಮುಕುಟವು ಹುಟ್ಟಿದ್ದೂ ನಿಜ, ಚಿನ್ನವು ಉಳಿದದ್ದೂ ನಿಜ. ಗ್ರೀನಿಚ್‌ನಲ್ಲಿಯೂ ನಕ್ಷತ್ರವು ಎಳೆಯನ್ನು ದಾಟಿದ್ದು ಸತ್ಯ. ಅದು ಸತ್ಯವಾಗಿದ್ದುದರಿಂದಲೇ ಇಬ್ಬರ ವಿಳಂಬಗಳನ್ನು ಹೋಲಿಸುವುದು ಸಾಧ್ಯವಾಯಿತು. ವಸ್ತುವೇ ಇಲ್ಲದಿದ್ದರೆ ಭಿನ್ನಾಭಿಪ್ರಾಯಕ್ಕೂ ಆಧಾರವಿರುವುದಿಲ್ಲ.

ಇನ್ನೊಂದು ಎಚ್ಚರವೂ ಅವಶ್ಯಕ. ದೃಷ್ಟಿಭೇದವು ಬೇರೆ, ವಂಚನೆ ಬೇರೆ. ತೂಕದ ಕಲ್ಲನ್ನು ಕಡಿಮೆ ಮಾಡಿಟ್ಟುಕೊಂಡ ವ್ಯಾಪಾರಿಯು ‘ಇದು ನನ್ನ ನಯ’ ಎಂದು ಹೇಳುವಂತಿಲ್ಲ. ಹೀನಾಧಿಕ ಮಾನೋನ್ಮಾನವನ್ನು ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ಎಣಿಸಲಾಗಿದೆ. ‘ಸ್ಯಾತ್’ ಎಂಬ ಪದವು ಪ್ರಾಮಾಣಿಕನ ವಿನಯದ ಗುರುತು. ಅಪ್ರಾಮಾಣಿಕನಿಗೆ ಅದು ಮರೆಯಾಗಲಾರದು. ಆದರೆ ವಂಚನೆಯೆಂದು ನಿರ್ಣಯಿಸುವುದಕ್ಕೆ ಮೊದಲು ಅದು ದೃಷ್ಟಿಭೇದವಲ್ಲವೆಂದು ಖಚಿತಪಡಿಸಿಕೊಳ್ಳುವ ಹೊಣೆಯು ಆರೋಪಿಸುವವನ ಮೇಲಿದೆ. ಮ್ಯಾಸ್ಕಲೈನರು ಕ್ರೂರಿಗಳಾಗಿರಲಿಲ್ಲ, ಸುಳ್ಳನ್ನೂ ಹೇಳಲಿಲ್ಲ. ತಮ್ಮ ಕಣ್ಣನ್ನೇ ಪ್ರಮಾಣವೆಂದು ಹಿಡಿದರು, ಅಷ್ಟೇ. ತನ್ನ ನಯವನ್ನೇ ಪೂರ್ಣವೆಂದು ತಿಳಿದು ಇತರ ನಯಗಳನ್ನು ನಿರಾಕರಿಸಿದಾಗ ನಯವು ದುರ್ನಯವಾಗುತ್ತದೆ. ಅದರ ಫಲವನ್ನು ಅನುಭವಿಸಿದವನು ಅಧಿಕಾರವಿಲ್ಲದ ಕಿರಿಯನು.

ಕುಟುಂಬಗಳಲ್ಲಿಯೂ ಬಸದಿಗಳ ಆಡಳಿತದಲ್ಲಿಯೂ ಇಂಥ ಪ್ರಸಂಗಗಳಿಗೆ ಕೊರತೆಯಿಲ್ಲ. ಹಿರಿಯರು ಬಾಯಿಮಾತಿನಲ್ಲಿ ಮಾಡಿದ ಪಾಲನ್ನು ಅಣ್ಣನು ಒಂದು ರೀತಿಯಲ್ಲಿ, ತಮ್ಮನು ಇನ್ನೊಂದು ರೀತಿಯಲ್ಲಿ ಸ್ಮರಿಸುತ್ತಾನೆ. ಸಭೆಯ ನಿರ್ಣಯವನ್ನು ಅಧ್ಯಕ್ಷರು ಒಂದು ಬಗೆಯಾಗಿ, ಕಾರ್ಯದರ್ಶಿಗಳು ಇನ್ನೊಂದು ಬಗೆಯಾಗಿ ತಿಳಿದಿರುತ್ತಾರೆ. ದಾನದ ಹಣವನ್ನು ಜೀರ್ಣೋದ್ಧಾರಕ್ಕೆ ಕೊಟ್ಟೆನೆಂದು ದಾನಿಯೂ, ನಿತ್ಯಪೂಜೆಗೆ ಪಡೆದೆವೆಂದು ಮಂಡಳಿಯೂ ಹೇಳುವುದುಂಟು. ಅಧಿಕಾರವುಳ್ಳವನ ನೆನಪೇ ಪ್ರಮಾಣವಾದರೆ ಅರ್ಚಕನೋ ಗುಮಾಸ್ತನೋ ಕಿರಿಯ ಸಹೋದರನೋ ಅಪರಾಧಿಯಾಗಿ ಹೊರಗೆ ಹೋಗುತ್ತಾನೆ. ಆಮೇಲೆ ಸತ್ಯವು ಹೊರಬಂದರೂ ಹೋದವನ ಮಾನವು ಮರಳಿ ಬರುವುದಿಲ್ಲ.

ಆದುದರಿಂದ ಇಂಥ ಸಂದರ್ಭದಲ್ಲಿ ಶ್ರಾವಕನಿಗೆ ಉಚಿತವಾದ ಕ್ರಮವು ಬೆಸೆಲರದು. ಒಂದೇ ದಾಖಲೆಯನ್ನು ಇಬ್ಬರೂ ಕೂಡಿ ನೋಡಬೇಕು. ಎಲ್ಲಿ, ಎಷ್ಟು ಅಂತರವಿದೆಯೆಂದು ಬರೆದಿಡಬೇಕು. ತನ್ನ ಕಡೆಯ ವಿಳಂಬವೆಷ್ಟು ಎಂಬುದನ್ನು, ಎದುರಿನವನ ವಿಳಂಬವನ್ನು ಅಳೆಯುವ ಮೊದಲೇ, ಅಳೆಯಬೇಕು. ಅಹಿಂಸೆಯು ಜೀವಿಗಳ ಪ್ರಾಣರಕ್ಷಣೆಯಲ್ಲಿಯೇ ಮುಗಿಯುವುದಿಲ್ಲ. ಪ್ರಾಮಾಣಿಕನಾದ ಇನ್ನೊಬ್ಬನ ಸಾಕ್ಷ್ಯವನ್ನು ವಿಚಾರಿಸದೆ ತಳ್ಳಿಹಾಕದಿರುವುದೂ ಅಹಿಂಸೆಯೇ. ಅನೇಕಾಂತವನ್ನು ಪ್ರವಚನದಲ್ಲಿ ಕೇಳುವುದು ಸುಲಭ. ತೀರ್ಪು ಕೊಡುವ ಸ್ಥಾನದಲ್ಲಿ ಕುಳಿತಾಗ ಅದನ್ನು ಆಚರಿಸುವುದೇ ನಿಜವಾದ ಸ್ವಾಧ್ಯಾಯ.