ಬೇಲಿಯಲ್ಲೊಂದು ಕಂಡಿ

ಯಾವುದು ಮಾತು, ಯಾವುದು ಗದ್ದಲ ಎಂದು ತೀರ್ಮಾನಿಸುವವರು ಯಾರು? ಬೇಡದ್ದನ್ನು ಹೊರಗಿಟ್ಟು, ಬೇಕಾದ್ದನ್ನಷ್ಟೇ ಕೇಳಿಸಿಕೊಳ್ಳುವುದು ಸಾಧ್ಯವೇ? ಹಳೆಯ ಪ್ರಶ್ನೆಗಳೇ ಇವು. ನನ್ನ ಮಟ್ಟಿಗೆ ಇವಕ್ಕೆ ಒಂದು ಆಕಾರ ಬಂದದ್ದು ನ್ಯಾಮತಿಯ ಮನೆಯಲ್ಲಿ ಒಂದು ಎಲೆಕ್ಟ್ರಾನಿಕ್ಸ್ ಕಿಟ್ ತಂದು ಶೀಲ್ಡೆಡ್ ಲೂಪ್ ಆಂಟೆನಾ ಕಟ್ಟಿದ ಮೇಲೆ.

ಭದ್ರಾವತಿ ಆಕಾಶವಾಣಿ ಶುರುವಾದದ್ದು 1965ರಲ್ಲಿ. ಚನ್ನಗಿರಿ, ಹೊನ್ನಾಳಿ, ನ್ಯಾಮತಿಯ ಹಿರಿಯರಿಗೆ ರೇಡಿಯೋ ಎಂದರೆ ಅದೇ. ಮೀಡಿಯಂ ವೇವ್‌ನಲ್ಲಿ 675 ಕಿಲೋಹರ್ಟ್ಸ್. ಈಗಿನ ಮನೆಗಳಲ್ಲಿ ಮೀಡಿಯಂ ವೇವ್ ಹಚ್ಚಿದರೆ ಮೊದಲು ಕೇಳುವುದು ಎಲ್‌ಇಡಿ ದೀಪ, ಚಾರ್ಜರ್, ಇನ್ವರ್ಟರ್‌ಗಳ ಗೊರಗೊರ. ಅದನ್ನು ತಗ್ಗಿಸಲೆಂದೇ ಈ ಆಂಟೆನಾ.

ಕಿಟ್‌ನಲ್ಲಿ ಇದ್ದದ್ದು ಇಷ್ಟೇ: ಡಿಶ್ ಟಿವಿಗೆ ಎಳೆಯುವಂಥ ಕೇಬಲ್ ಮೂರು ಮೀಟರಿನಷ್ಟು, ಫೆರೈಟ್ ಉಂಗುರಕ್ಕೆ ತಂತಿ ಸುತ್ತಿದ ಸಣ್ಣ ಟ್ರಾನ್ಸ್‌ಫಾರ್ಮರ್, ಪುಟ್ಟ ಆಂಪ್ಲಿಫೈಯರ್ ಬೋರ್ಡ್. ಕೇಬಲನ್ನು ಬಳೆಯಂತೆ ಬಗ್ಗಿಸಿ ಪಿವಿಸಿ ಪೈಪಿಗೆ ಕಟ್ಟಿದರೆ ಒಂದು ಮೀಟರ್ ಅಗಲದ ಉಂಗುರ. ಭದ್ರಾವತಿಯ ಅಲೆಯ ಉದ್ದ 444 ಮೀಟರ್. ಅದರ ಮುಂದೆ ಇದು ಸಾಸಿವೆ ಕಾಳು. ಕೇಬಲಿನ ಒಳತಂತಿಯನ್ನು ಸುತ್ತುವರಿದ ಲೋಹದ ಜಾಲರಿಯೇ ಶೀಲ್ಡ್. ಉಂಗುರದ ನೆತ್ತಿಯಲ್ಲಿ, ಕೆಳಗಿನ ಜೋಡಣೆಗೆ ನೇರ ಎದುರಾಗಿ, ಈ ಜಾಲರಿಯನ್ನು ಒಂದಂಗುಲದಷ್ಟು ಕತ್ತರಿಸಿ ತೆಗೆಯಬೇಕು. ತೆಗೆಯದಿದ್ದರೆ ಜಾಲರಿಯ ಸುತ್ತು ಪೂರ್ತಿಯಾಗಿ, ಅದರಲ್ಲಿ ಹರಿಯುವ ವಿದ್ಯುತ್ತೇ ಹೊರಗಿನಿಂದ ಬಂದ ಅಲೆಯ ಕಾಂತಕ್ಷೇತ್ರವನ್ನು ಅಳಿಸಿಹಾಕುತ್ತದೆ. ಕಂಡಿಯಿಲ್ಲದ ಬೇಲಿ ಆಂಟೆನಾವನ್ನು ಕಿವುಡು ಮಾಡುತ್ತದೆ.

ಜಾಲರಿ ಗದ್ದಲವನ್ನು ತಡೆಯುತ್ತದೆ, ಕಂಡಿ ಮಾತನ್ನು ಒಳಬಿಡುತ್ತದೆ ಎಂಬುದು ಸಾಮಾನ್ಯ ವಿವರಣೆ. ನಿಜವಾಗಿ ನಡೆಯುವುದು ಇದಕ್ಕಿಂತ ಸ್ವಾರಸ್ಯವಾಗಿದೆ. ಅಲೆ ಮೊದಲು ಮುಟ್ಟುವುದು ಜಾಲರಿಯ ಹೊರಮೈಯನ್ನೇ. ಅಲ್ಲಿ ಹುಟ್ಟಿದ ವಿದ್ಯುತ್ತು ಕಂಡಿಯ ಬಳಿ ತಿರುಗಿ ಒಳಕ್ಕೆ ದಾಟುತ್ತದೆ. ನಾವು ಬೇಲಿ ಎಂದು ಕರೆದದ್ದೇ ಇಲ್ಲಿ ಕಿವಿ. ಹಾಗಾದರೆ ಗೊರಗೊರ ತಗ್ಗುವುದು ಹೇಗೆ? ಕಂಡಿ ನಟ್ಟನಡುವೆ ಇರುವುದರಿಂದ ಉಂಗುರದ ಎರಡು ತೋಳುಗಳೂ ಸರಿಸಮ. ಮನೆಯ ವೈರಿಂಗಿನ ವಿದ್ಯುತ್ ಕ್ಷೇತ್ರ ಎರಡನ್ನೂ ಒಂದೇ ಬಗೆಯಲ್ಲಿ ತಟ್ಟುತ್ತದೆ. ಕೆಳಗಿನ ಜೋಡಣೆಯಲ್ಲಿ ಎರಡೂ ಕಳೆದುಹೋಗುತ್ತವೆ. ಉಳಿಯುವುದು ವ್ಯತ್ಯಾಸ. ಆ ವ್ಯತ್ಯಾಸದಲ್ಲೇ ನಮಗೆ ಬೇಕಾದ ದನಿ ಇರುತ್ತದೆ. ಕಂಡಿ ಒಂದು ಮಗ್ಗುಲಿಗೆ ಸರಿದರೆ ಈ ಸಮತೋಲ ಕೆಡುತ್ತದೆ.

ನಮ್ಮ ಕಡೆಯ ನೀರಿನ ಜಗಳಕ್ಕೆ ಇದನ್ನು ಹಿಡಿದು ನೋಡುತ್ತೇನೆ. ಭದ್ರಾ ಜಲಾಶಯದ ಪೂರ್ಣ ಮಟ್ಟ 186 ಅಡಿ. ಮಳೆಗಾಲದಲ್ಲಿ ಚನ್ನಗಿರಿ, ಹೊನ್ನಾಳಿ ಕಡೆಯ ಅಚ್ಚುಕಟ್ಟಿನವರು ಆ ಅಂಕಿಗಾಗಿ ಕಾಯುತ್ತಾರೆ. ಭತ್ತ, ಅಡಿಕೆ ಎರಡೂ ಅದನ್ನು ನಂಬಿವೆ. ಜಗಳೂರಿಗೆ ಕೊಟ್ಟ ನನ್ನ ಸೋದರತ್ತೆಯ ಮನೆಯವರೂ ಕಾಯುತ್ತಾರೆ. ಮಳೆ ಮತ್ತು ಕೊಳವೆಬಾವಿಯನ್ನೇ ನೆಚ್ಚಿದ ಆ ಸೀಮೆಗೆ ಭದ್ರಾ ಮೇಲ್ದಂಡೆ ಯೋಜನೆಯ ಕಾಲುವೆಯಲ್ಲಿ ನೀರು ಬರಬೇಕು. ಮದುವೆ ಮನೆಯಲ್ಲಿ ಎರಡೂ ಕಡೆಯವರು ಕೂತರೆ ಊಟದ ಪಂಕ್ತಿಯಲ್ಲೇ ವಾದ ಏಳುತ್ತದೆ. ಒಬ್ಬರ ಬೇಡಿಕೆ ಇನ್ನೊಬ್ಬರಿಗೆ ಬರೀ ಗದ್ದಲ. ಸುಳ್ಳು ಹೇಳುವವರು ಮಾತ್ರ ಯಾರೂ ಇಲ್ಲ.

ಇಲ್ಲಿ ನ್ಯಾಯವಾಗಿ ಕೇಳುವುದೆಂದರೆ ಇಬ್ಬರನ್ನೂ ಅರ್ಧರ್ಧ ನಂಬುವುದಲ್ಲ. ಭಯ ಎರಡೂ ಕಡೆ ಇದೆ, ಸಿಟ್ಟೂ ಇದೆ. ಸಮನಾಗಿರುವ ಅವನ್ನು ಕಳೆದ ಮೇಲೆ ಉಳಿಯುವ ವ್ಯತ್ಯಾಸವನ್ನು ಕೇಳಿಸಿಕೊಳ್ಳಬೇಕು: ಯಾರ ಬೆಳೆಗೆ ಯಾವ ತಿಂಗಳು ನೀರು, ಯಾರ ಮನೆಯಲ್ಲಿ ಕುಡಿಯುವುದಕ್ಕೇ ಇಲ್ಲ. ಅದಕ್ಕೆ ಕೇಳುವವನ ಕಂಡಿ ನಡುವೆ ಇರಬೇಕು. ಹೊಳೆ ಕಡೆಯ ತಾಲ್ಲೂಕಿನಲ್ಲಿ ಹುಟ್ಟಿದ ನನ್ನಂಥವನದು ತಾನಾಗಿ ನಡುವೆ ನಿಲ್ಲುವುದಿಲ್ಲ. ಅಳೆದು ತಂದು ನಿಲ್ಲಿಸಬೇಕು.

ಲೂಪ್‌ಗೆ ಇನ್ನೊಂದು ಗುಣವಿದೆ. ಉಂಗುರದ ಅಂಚಿನ ದಿಕ್ಕಿನಿಂದ ಬರುವುದು ಚೆನ್ನಾಗಿ ಕೇಳುತ್ತದೆ; ಅದರ ಬಯಲು ಯಾವ ಕಡೆ ತೆರೆದಿದೆಯೋ ಆ ದಿಕ್ಕು ಮೌನ. ಬೇಡದ ಸದ್ದಿನ ಕಡೆಗೆ ಆ ಮೌನವನ್ನು ತಿರುಗಿಸಿ ಅದನ್ನು ಅಳಿಸಬಹುದು. ಅದಕ್ಕೊಂದು ಬೆಲೆ ಉಂಟು. ಜಗಳೂರಿನಿಂದ ಭದ್ರಾವತಿಗೆ ಗೆರೆ ಎಳೆದರೆ ಅದು ಚನ್ನಗಿರಿಯ ಮಗ್ಗುಲಲ್ಲೇ ಹಾದುಹೋಗುತ್ತದೆ. ಜಗಳೂರಿನಲ್ಲಿ ಕೂತು ಚನ್ನಗಿರಿಯ ದಿಕ್ಕನ್ನು ಅಳಿಸಿದವನಿಗೆ ಭದ್ರಾವತಿಯೂ ಕೇಳುವುದಿಲ್ಲ. ಒಬ್ಬರ ದನಿ ಬೇಡವೆಂದು ತಿರುಗಿದಾಗ ಅವರಾಚೆಯಿಂದ ಬರುವುದನ್ನೂ ಬಿಟ್ಟುಕೊಟ್ಟಿರುತ್ತೇವೆ.

ಯಾರಿಗೆ ಎಷ್ಟು ನೀರು ಎಂಬುದನ್ನು ಆಂಟೆನಾ ಹೇಳಲಾರದು. ಅದನ್ನು ಮನುಷ್ಯರೇ ಕೂತು ತೀರ್ಮಾನಿಸಬೇಕು. ಕೂರುವ ಮೊದಲು ಎದುರಿನವರ ಮಾತಿಗೆ ಗದ್ದಲ ಎಂದು ಹೆಸರಿಡದಿರುವುದು ಮಾತ್ರ ಪ್ರತಿಯೊಬ್ಬರಿಂದಲೂ ಆಗುವ ಕೆಲಸ.