ಎರವಿನ ಕಥೆಯೂ ಆಟದ ಧರ್ಮವೂ

ನೆರೆಮನೆಯಿಂದ ಹೆಪ್ಪು ತಂದು ತಮ್ಮ ಮನೆಯ ಹಾಲನ್ನು ಮೊಸರು ಮಾಡಿಕೊಂಡರೆ ಅದನ್ನು ಕಳವೆಂದು ಯಾರೂ ಹೇಳುವುದಿಲ್ಲ. ಆದರೆ ನೆರೆಮನೆಯ ಮೊಸರನ್ನೇ ತಂದು, ಇದು ನಮ್ಮ ಮನೆಯದೆಂದು ಬಡಿಸಿದರೆ, ಉಂಡವರ ಹೊಟ್ಟೆ ತುಂಬಿದರೂ ಬಡಿಸಿದವರ ಮನಸ್ಸಿನಲ್ಲಿ ಒಂದು ಅಳುಕು ಉಳಿಯುತ್ತದೆ. ಯಾರಿಗೂ ನಷ್ಟವಾಗದೆ ಇದ್ದಲ್ಲಿಯೂ ಈ ಅಳುಕು ಏಕೆ ಹುಟ್ಟುತ್ತದೆ? ಪರರ ಕೃತಿಯನ್ನು ಬಳಸಿಕೊಳ್ಳುವುದರಲ್ಲಿ ಯಾವುದು ಯುಕ್ತ, ಯಾವುದು ಅಯುಕ್ತ? ದೊಡ್ಡ ಧರ್ಮಸೂಕ್ಷ್ಮಗಳು ಸಣ್ಣ ವಿನೋದಗಳಲ್ಲಿ ಎಷ್ಟೋ ವೇಳೆ ಸ್ಪಷ್ಟವಾಗಿ ಕಾಣುವುದರಿಂದ, ಈ ಪ್ರಶ್ನೆಯನ್ನು ಒಂದು ಆಟದ ಮೂಲಕ ವಿಚಾರಿಸುವುದು ಅನುಚಿತವಾಗಲಾರದು.

1974ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ಸಂಸ್ಥಾನದ ಲೇಕ್ ಜಿನೀವಾ ಎಂಬ ಊರಿನಿಂದ, ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬಿಬ್ಬರು ರಚಿಸಿದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಆಟವು ಮೂರು ಸಣ್ಣ ಪುಸ್ತಕಗಳಾಗಿ ಹೊರಬಂದಿತು. ಮೊದಲ ಮುದ್ರಣದ ಪ್ರತಿಗಳು ಕೇವಲ 1000. ಈ ಆಟದಲ್ಲಿ ನಾಲ್ಕಾರು ಮಂದಿ ಸ್ನೇಹಿತರು ಮೇಜಿನ ಸುತ್ತ ಕೂಡುತ್ತಾರೆ. ಒಬ್ಬನು ಸೂತ್ರಧಾರ, ಉಳಿದವರು ಒಂದೊಂದು ಪಾತ್ರವನ್ನು ವಹಿಸತಕ್ಕವರು. ಸೂತ್ರಧಾರನು ಒಂದು ಲೋಕವನ್ನು ಮಾತಿನಿಂದ ಕಟ್ಟುತ್ತಾನೆ. ಪಾತ್ರಧಾರಿಗಳು ಅದರಲ್ಲಿ ತಾವು ಮಾಡುವುದನ್ನು ಹೇಳುತ್ತಾರೆ. ಫಲವು ಸಂಶಯವಾದಲ್ಲಿ ದಾಳವು ತೀರ್ಪು ಕೊಡುತ್ತದೆ. ಹೀಗೆ ಒಂದೇ ಕಥೆಯು ತಿಂಗಳುಗಟ್ಟಲೆ, ಕೆಲವೆಡೆ ವರ್ಷಗಟ್ಟಲೆ ನಡೆಯುವುದುಂಟು. ನಮ್ಮ ತಾಳಮದ್ದಳೆಯನ್ನು ಕೇಳಿದವರಿಗೆ ಇದು ತೀರ ಅಪರಿಚಿತವಾಗಿ ತೋರದು. ಪ್ರಸಂಗವನ್ನು ರಚಿಸಿದವರು ಒಬ್ಬರು. ಅರ್ಥ ಹೇಳುವವರು ಬೇರೊಬ್ಬರು. ಆದರೂ ಅಂದಿನ ಮಾತು ಅಂದೇ ಹುಟ್ಟಿದ್ದು.

ಸೂತ್ರಧಾರನು ಎಲ್ಲವನ್ನೂ ತಾನೇ ಕಲ್ಪಿಸಬೇಕೆಂದರೆ ಅದು ಎಲ್ಲರಿಂದಲೂ ಆಗುವ ಕೆಲಸವಲ್ಲ. ಆದುದರಿಂದ ಸಿದ್ಧವಾದ ಸಾಹಸಕಥೆಗಳೂ, ನಗರಗಳ ನಕ್ಷೆಗಳೂ, ವಿಚಿತ್ರಪ್ರಾಣಿಗಳ ಕೋಶಗಳೂ ಪುಸ್ತಕರೂಪದಲ್ಲಿ ಬಂದವು. ಮೂಲ ಪ್ರಕಾಶಕರಲ್ಲದವರು ಇಂಥವನ್ನು ರಚಿಸತೊಡಗಿದುದೂ ಬೇಗನೆಯೇ. 1976ರಲ್ಲಿ ಇಲಿನಾಯ್ ಸಂಸ್ಥಾನದಲ್ಲಿ ಆರಂಭವಾದ ಜಡ್ಜಸ್ ಗಿಲ್ಡ್ ಎಂಬ ಸಂಸ್ಥೆಯು ಒಂದು ಇಡಿಯ ಕಲ್ಪಿತ ನಗರವನ್ನೇ ನಕ್ಷೆಸಹಿತವಾಗಿ ಮಾರಿತು. ಇಂಥ ಹೊರಗಿನವರ ಸಾಮಗ್ರಿಯನ್ನು ಆಟದೊಳಕ್ಕೆ ತರಬಹುದೆ, ತರುವುದಾದರೆ ಯಾವ ನಿಬಂಧನೆಯಿಂದ ತರಬೇಕು ಎಂಬ ಚರ್ಚೆ ಅಂದಿನಿಂದ ಇಂದಿನವರೆಗೂ ನಿಂತಿಲ್ಲ.

ಒಂದು ಪಕ್ಷದವರ ವಾದವು ಹೀಗಿದೆ: ಆಟವೆಂಬುದು ಒಂದು ಒಡಂಬಡಿಕೆ, ಮೂಲಗ್ರಂಥವೇ ಎಲ್ಲರೂ ಒಪ್ಪಿದ ಶಾಸನ, ಹೊರಗಿನವರ ಗ್ರಂಥವನ್ನು ತಂದರೆ ನಿಯಮಗಳ ತೂಕ ತಪ್ಪುತ್ತದೆ, ಆದುದರಿಂದ ಮೂಲದ ಮುದ್ರೆಯಿಲ್ಲದ ಯಾವುದನ್ನೂ ಒಳಗೆ ಬಿಡಬಾರದು. ಇದರಲ್ಲಿ ಸತ್ಯಾಂಶವಿದೆ. ಆದರೆ ಮೂಲವೆಂಬುದು ಎಷ್ಟು ಮೂಲ ಎಂದು ವಿಚಾರಿಸಿದರೆ ಈ ವಾದದ ಬಲವು ಕುಗ್ಗುತ್ತದೆ. ಆಟದ ಮಂತ್ರಗಳು ಒಮ್ಮೆ ಪ್ರಯೋಗಿಸಿದೊಡನೆ ಮರೆತುಹೋಗುವವೆಂಬ ಕಲ್ಪನೆಯು ಜ್ಯಾಕ್ ವ್ಯಾನ್ಸ್ ಎಂಬ ಕಥೆಗಾರನಿಂದ ಬಂದದ್ದು. ಮೊದಲ ಮುದ್ರಣಗಳಲ್ಲಿದ್ದ ‘ಹಾಬಿಟ್’ ಎಂಬ ಕುಳ್ಳರ ಹೆಸರು ಟೋಲ್ಕೀನರ ಕಥೆಯದು. ಹಕ್ಕುದಾರರು ಆಕ್ಷೇಪಿಸಿದ ಮೇಲೆ ಅದು ‘ಹಾಫ್‌ಲಿಂಗ್’ ಆಯಿತು. ಗೈಗ್ಯಾಕ್ಸನೇ 1979ರಲ್ಲಿ ಸೂತ್ರಧಾರರಿಗಾಗಿ ಬರೆದ ಗ್ರಂಥದ ಅನುಬಂಧದಲ್ಲಿ, ತನಗೆ ಸ್ಫೂರ್ತಿಯಾದ ಲೇಖಕರ ಹೆಸರುಗಳನ್ನು ಪಟ್ಟಿಮಾಡಿ ಕೊಟ್ಟಿದ್ದಾನೆ. ಎರವಿನಿಂದಲೇ ಹುಟ್ಟಿದ ಆಟವು ಎರವನ್ನು ಅಶುದ್ಧವೆಂದು ತಳ್ಳುವುದು ಸಲ್ಲದು. ಮುದ್ರೆಯಿದ್ದ ಮಾತ್ರಕ್ಕೆ ತೂಕ ಸರಿಯಾಗಿರುವುದೆಂಬ ನಂಬಿಕೆಯೂ ಇಲ್ಲ. ಮೂಲ ಪ್ರಕಾಶಕರೂ ತಮ್ಮ ನಿಯಮಗಳನ್ನು ಮತ್ತೆ ಮತ್ತೆ ತಿದ್ದಿದ್ದಾರೆ.

ಇನ್ನೊಂದು ಪಕ್ಷದವರು ಇದಕ್ಕೆ ತೀರ ವಿರುದ್ಧವಾಗಿ ಹೇಳುತ್ತಾರೆ: ಮನೆಯೊಳಗೆ ಸ್ನೇಹಿತರು ಆಡುವ ಆಟದಲ್ಲಿ ಮಾರಾಟವಿಲ್ಲ, ಲಾಭವಿಲ್ಲ, ಬೇಕಾದುದನ್ನು ಬೇಕಾದಲ್ಲಿಂದ ತೆಗೆದುಕೊಂಡರೆ ಯಾರಿಗೆ ಅನ್ಯಾಯ? ನ್ಯಾಯಾಲಯದ ದೃಷ್ಟಿಯಿಂದ ಈ ಮಾತಿನಲ್ಲಿ ಬಹುಮಟ್ಟಿಗೆ ಹುರುಳಿರಬಹುದು. ಆದರೆ ಕಾನೂನು ಸುಮ್ಮನಿರುವ ಸ್ಥಳದಲ್ಲಿ ಧರ್ಮವೂ ಸುಮ್ಮನಿರುವುದೆಂದು ತಿಳಿಯಬಾರದು. ಹೊರಗಿನ ಸಾಮಗ್ರಿಯನ್ನು ರಚಿಸುವವರಲ್ಲಿ ಅನೇಕರು ಒಬ್ಬಂಟಿಗರು. ಹಗಲಿನ ಉದ್ಯೋಗ ಮುಗಿಸಿ ರಾತ್ರಿ ಬರೆಯುವವರು. ಅವರ ಪುಸ್ತಕದ ಒಂದು ಪ್ರತಿಯನ್ನು ಕೊಂಡು ಐವರು ಆಡಿದರೆ ಅದು ಪುಸ್ತಕದ ಸದುಪಯೋಗ. ಒಂದು ಪ್ರತಿಯನ್ನು ನೂರು ಮಾಡಿ ಹಂಚಿದರೆ ಅದು ಬರೆದವನ ಕೈ ಕಟ್ಟಿದಂತೆ.

ಈ ವಿಷಯದಲ್ಲಿ ಇತ್ತೀಚಿನ ಚರಿತ್ರೆಯು ಒಂದು ಪಾಠವನ್ನು ಕಲಿಸುತ್ತದೆ. 1997ರಲ್ಲಿ ಈ ಆಟದ ಒಡೆತನವು ವಿಝರ್ಡ್ಸ್ ಆಫ್ ದಿ ಕೋಸ್ಟ್ ಎಂಬ ಸಂಸ್ಥೆಗೆ ಬಂದಿತು. 2000ದಲ್ಲಿ ಆ ಸಂಸ್ಥೆಯು, ಆಟದ ಮುಖ್ಯ ನಿಯಮಗಳನ್ನು ಯಾರು ಬೇಕಾದರೂ ಹಣ ಕೊಡದೆ ಬಳಸಿ ತಮ್ಮ ಗ್ರಂಥಗಳನ್ನು ರಚಿಸಿ ಮಾರಬಹುದೆಂಬ ಮುಕ್ತ ಅನುಮತಿಪತ್ರವನ್ನು ಹೊರಡಿಸಿತು. ಅದರ ನಿಬಂಧನೆಗಳಲ್ಲಿ ಒಂದು ಗಮನಾರ್ಹವಾದುದು: ಪ್ರತಿ ಗ್ರಂಥದಲ್ಲಿಯೂ, ತಾನು ಯಾವ ಯಾವ ಗ್ರಂಥದಿಂದ ಪಡೆದೆನೆಂಬ ಹಕ್ಕುಸೂಚನೆಗಳ ಪಟ್ಟಿಯನ್ನು ಅಚ್ಚುಮಾಡಬೇಕು. ಗುರುಪರಂಪರೆಯನ್ನು ಹೇಳಿಕೊಳ್ಳುವಂತೆ ಒಂದು ಪುಸ್ತಕವು ತನ್ನ ಹಿಂದಿನವುಗಳನ್ನು ಸ್ಮರಿಸುವ ಏರ್ಪಾಡಿದು. 2023ರ ಜನವರಿಯಲ್ಲಿ ಆ ಸಂಸ್ಥೆಯೇ ಈ ಪತ್ರವನ್ನು ಬದಲಿಸಿ, ದೊಡ್ಡ ವ್ಯಾಪಾರದವರಿಂದ ಪಾಲು ಕೇಳುವ ಕರಡನ್ನು ಸಿದ್ಧಪಡಿಸಿದ ಸುದ್ದಿ ಹೊರಬಿದ್ದಾಗ, ಆಡುವವರೂ ಬರೆಯುವವರೂ ಒಟ್ಟಾಗಿ ಪ್ರತಿಭಟಿಸಿದರು. ಆ ತಿಂಗಳು ಮುಗಿಯುವುದರೊಳಗೆ ಸಂಸ್ಥೆಯು ಹಿಂದೆಗೆದು, ಮೂಲನಿಯಮಗಳನ್ನು ಹಿಂದಕ್ಕೆ ಪಡೆಯಲಾಗದ ಸಾರ್ವಜನಿಕ ಅನುಮತಿಯ ಅಡಿಯಲ್ಲಿ ಬಿಟ್ಟುಕೊಟ್ಟಿತು. ಅಷ್ಟು ಉದಾರವಾದ ಆ ಅನುಮತಿಯೂ ಒಂದು ಋಣವನ್ನು ಮಾತ್ರ ಮನ್ನಾ ಮಾಡಲಿಲ್ಲ. ಪಡೆದವರು ಮೂಲದ ಹೆಸರನ್ನು ಹೇಳಲೇಬೇಕು.

ಇಲ್ಲಿಗೆ ನಿಜವಾದ ತೊಡಕು ಬರುತ್ತದೆ. ಒಬ್ಬ ಸೂತ್ರಧಾರನು ಹೊರಗಿನ ಸಾಹಸಕಥೆಯೊಂದನ್ನು ಕೊಂಡು ತನ್ನ ಕಥೆಯೊಳಗೆ ಸೇರಿಸಿದನೆಂದು ಭಾವಿಸೋಣ. ಮೊದಲೇ ಹೆಸರು ಹೇಳಿದರೆ ಕುತೂಹಲವುಳ್ಳವನು ಓದಿಬಿಡಬಹುದು. ಆಗ ಮುಂದಿನ ಬಾಗಿಲ ಹಿಂದೆ ಏನಿದೆಯೋ ಎಂಬ ರಸವೇ ಹಾಳು. ಹೇಳದೆ ಇದ್ದರೆ, ಸ್ನೇಹಿತರು ಅವನ ಕಲ್ಪನೆಯನ್ನು ಹೊಗಳುವಾಗ ಅವನು ತಲೆತಗ್ಗಿಸಿ ಕುಳಿತುಕೊಳ್ಳಬೇಕು. ಸತ್ಯಕ್ಕೂ ರಸಕ್ಕೂ ಹೀಗೆ ವಿರೋಧ ಬಂದರೆ ಯಾವುದನ್ನು ಬಿಡತಕ್ಕದ್ದು?

ಗುಟ್ಟು ಬೇರೆ, ವಂಚನೆ ಬೇರೆ ಎಂಬ ಭೇದವನ್ನು ತಿಳಿದರೆ ಎರಡನ್ನೂ ಉಳಿಸಿಕೊಳ್ಳಬಹುದು. ಯಾರಿಂದ ಮುಚ್ಚಿಡಲಾಗಿದೆಯೋ ಅವರೇ ಸಮ್ಮತಿಸಿದ್ದು ಗುಟ್ಟು. ಅವರು ತಿಳಿದರೆ ಸಮ್ಮತಿಸಲಾರರೆಂದು ಮುಚ್ಚಿಟ್ಟದ್ದು ವಂಚನೆ. ಮದುವೆಯ ಊಟದಲ್ಲಿ ಇಂದಿನ ಭಕ್ಷ್ಯ ಯಾವುದೆಂದು ಎಲೆಗೆ ಬರುವವರೆಗೂ ಹೇಳದಿದ್ದರೆ ಅದು ವಿನೋದ. ಅತಿಥಿಗೆ ವರ್ಜ್ಯವಾದುದನ್ನು ಹೇಳದೆ ಬಡಿಸಿದರೆ ಅದು ದ್ರೋಹ. ಆದುದರಿಂದ ಸೂತ್ರಧಾರನು ಆರಂಭದಲ್ಲಿಯೇ, ‘ಇದರಲ್ಲಿ ಪರರ ರಚನೆಯೂ ಸೇರುವುದು, ಯಾವುದೆಂದು ಮುಗಿದ ಮೇಲೆ ಹೇಳುವೆನು’ ಎಂದು ತಿಳಿಸಿ, ಮುಗಿದ ದಿನ ಗ್ರಂಥವನ್ನೂ ಗ್ರಂಥಕಾರನನ್ನೂ ಹೆಸರಿಸಬೇಕು. ಹಾಗೆಯೇ ಆ ಗ್ರಂಥವನ್ನು ಮೊದಲೇ ಓದಿರುವ ಆಟಗಾರನಿಗೂ ಕರ್ತವ್ಯವುಂಟು. ಗುರುತು ಹತ್ತಿದೊಡನೆ ಸೂತ್ರಧಾರನಿಗೆ ಏಕಾಂತದಲ್ಲಿ ತಿಳಿಸತಕ್ಕದ್ದು. ಬಲ್ಲೆನೆಂಬುದನ್ನು ಅಡಗಿಸಿ ಜಾಣನೆನಿಸಿಕೊಳ್ಳುವುದು ದಾಳವನ್ನು ತಿದ್ದಿದಷ್ಟೇ ಹೀನವಾದದ್ದು.

ಆಟಗಾರನೇ ಹೊರಗಿನ ಗ್ರಂಥವನ್ನು ತಂದು, ಅದರಲ್ಲಿರುವ ವಿಶೇಷ ಶಕ್ತಿಗಳನ್ನು ತನ್ನ ಪಾತ್ರಕ್ಕೆ ಬೇಡಿದಾಗ ಪ್ರಶ್ನೆ ಇನ್ನೂ ಸೂಕ್ಷ್ಮವಾಗುತ್ತದೆ. ಒಪ್ಪಿದರೆ ಉಳಿದವರ ಪಾತ್ರಗಳು ಮಂಕಾಗಬಹುದು. ಒಪ್ಪದಿದ್ದರೆ ಗೆಳೆಯನ ಮನಸ್ಸು ನೋಯಬಹುದು. ಇಲ್ಲಿ ಸೂತ್ರಧಾರನು ಗ್ರಂಥವನ್ನು ಓದಿ, ಕಾರಣ ಹೇಳಿ, ಇಷ್ಟು ದಿನ ಪರೀಕ್ಷಿಸಿ ನೋಡೋಣವೆಂದು ಎಲ್ಲರೆದುರಿಗೆ ಗೊತ್ತುಮಾಡುವುದು ಲೇಸು. ದಾಕ್ಷಿಣ್ಯಕ್ಕೆ ಒಪ್ಪಿ, ಆಮೇಲೆ ಕಥೆಯೊಳಗೆ ಅಪಾಯಗಳನ್ನು ಕಲ್ಪಿಸಿ ಆ ಪಾತ್ರವನ್ನು ಕೊಲ್ಲಿಸುವವರೂ ಇಲ್ಲದಿಲ್ಲ. ಎರಡು ಮೂರು ವರ್ಷ ಒಬ್ಬನು ಪ್ರೀತಿಯಿಂದ ಬೆಳಸಿದ ಪಾತ್ರವನ್ನು, ತಾನು ಕೊಟ್ಟ ಅನುಮತಿಯ ತಪ್ಪಿಗಾಗಿ ದಂಡಿಸುವುದು ಹೇಡಿತನ. ಮಾತಿನಿಂದ ತಿದ್ದಬೇಕಾದುದನ್ನು ಕಥೆಯಿಂದ ತಿದ್ದಹೋದರೆ ಕೊನೆಗೆ ಕಥೆಯೂ ಕೆಡುವುದು, ಸ್ನೇಹವೂ ಕೆಡುವುದು.

ಕಡೆಯದಾಗಿ ಇನ್ನೊಂದು ಋಣವುಂಟು. 1980ರಲ್ಲಿ ಇದೇ ಆಟಕ್ಕಾಗಿ ದೇವತೆಗಳ ಕೋಶವೊಂದು ಪ್ರಕಟವಾಯಿತು. ಅದರ ಮೊದಲ ಮುದ್ರಣಗಳಲ್ಲಿ ಲವ್‌ಕ್ರಾಫ್ಟ್ ಮತ್ತು ಮೂರ್‌ಕಾಕ್ ಎಂಬ ಕಥೆಗಾರರ ಲೋಕಗಳೂ ಇದ್ದವು. ಅವುಗಳ ಆಟದ ಹಕ್ಕು ಬೇರೊಂದು ಸಂಸ್ಥೆಗೆ ಸಂಬಂಧಿಸಿದ್ದರಿಂದ ಮುಂದಿನ ಮುದ್ರಣಗಳಲ್ಲಿ ಅವನ್ನು ತೆಗೆದುಹಾಕಲಾಯಿತು. ಆದರೆ ಇಂದ್ರ, ಅಗ್ನಿ ಮೊದಲಾದ ನಮ್ಮ ದೇವತೆಗಳು, ಎಷ್ಟು ಪೆಟ್ಟಿಗೆ ಮಡಿಯುವರೆಂಬ ಅಂಕಿಗಳ ಸಹಿತ, ಅಲ್ಲಿಯೇ ಉಳಿದರು. ಅವರ ಪರವಾಗಿ ಹಕ್ಕುಪತ್ರ ಹಿಡಿದು ಬರುವವರು ಯಾರೂ ಇರಲಿಲ್ಲ. ಪುರಾಣಕಥೆಯನ್ನು ಆಟಕ್ಕೆ ತರಬಾರದೆಂದು ಇದರ ತಾತ್ಪರ್ಯವಲ್ಲ. ನಮ್ಮ ಬಯಲಾಟಗಳು ಅದನ್ನು ಹಿಂದಿನಿಂದಲೂ ಮಾಡಿವೆ. ಆದರೆ ವ್ಯಾಜ್ಯ ಹೂಡಬಲ್ಲ ಒಡೆಯನಿಗೆ ಅಂಜಿ ಬಿಟ್ಟುಕೊಟ್ಟು, ವ್ಯಾಜ್ಯ ಹೂಡಲಾರದ ಕಡೆಯಲ್ಲಿ ಸ್ವೇಚ್ಛೆಯಾಗಿ ವರ್ತಿಸುವುದು ನ್ಯಾಯಬುದ್ಧಿಯಲ್ಲ. ಮೇಜಿನ ಸುತ್ತ ಕುಳಿತವರಲ್ಲಿ ಒಬ್ಬನ ಮನೆಯ ದೇವರಕೋಣೆಯಲ್ಲಿರುವ ಮೂರ್ತಿಯನ್ನು ಕಥೆಯೊಳಕ್ಕೆ ಕರೆತರುವ ಮೊದಲು, ಅವನನ್ನು ಒಂದು ಮಾತು ಕೇಳುವುದು ಯಾವ ಕಾನೂನೂ ವಿಧಿಸದ ಮರ್ಯಾದೆ.

ಹೆಪ್ಪು ನೆರೆಮನೆಯದಾದರೂ ಹಾಲು ಕಾಯಿಸಿದವರು, ಕಾದವರು ಮನೆಯವರೇ. ಹೊರಗಿನ ಕಥೆಯೂ ಹಾಗೆಯೇ ಆಡುವವರ ಕೈಯಲ್ಲಿ ಬೇರೆಯಾಗಿ ಬೆಳೆಯುತ್ತದೆ. ಬರೆದವನು ಕನಸಿನಲ್ಲಿಯೂ ಎಣಿಸದ ತಿರುವುಗಳನ್ನು ಪಡೆಯುತ್ತದೆ. ಆದುದರಿಂದ ಎರವಲು ತಂದೆನೆಂದು ಹೇಳಿಕೊಳ್ಳುವುದರಿಂದ ಸೂತ್ರಧಾರನಿಗೆ ಕಡಮೆಯಾಗುವುದೇನೂ ಇಲ್ಲ. ನೆರೆಮನೆಯವರು ಎದುರಾದಾಗ ಅವನು ಮುಖ ತಪ್ಪಿಸದೆ ಮಾತನಾಡಿಸಬಹುದು.